ಲೋಕಿ ನಿಜವಾಗಲೂ ಥಾರ್‌ನ ತಮ್ಮನಾ?

ಪ್ರಶ್ನೆ: ಮಾರ್ವೆಲ್ ಕಾಮಿಕ್ಸ್‌ನಲ್ಲೂ ಸಿನಿಮಾಗಳಲ್ಲೂ ಲೋಕಿ ಅಂದ್ರೆ ಥಾರ್‌ನ ತಮ್ಮ, ಓಡಿನ್ ಸಾಕಿದ ಮಗ. ಹಳೆಯ ನಾರ್ಸ್ ಪುರಾಣದಲ್ಲೂ, ಅಂದ್ರೆ ಸ್ಕ್ಯಾಂಡಿನೇವಿಯಾ ಜನರ ಹಳೆಯ ದೇವತೆಗಳ ಕಥೆಗಳಲ್ಲೂ, ಹೀಗೇ ಇದೆಯಾ?

ಉತ್ತರ: ಇಲ್ಲ. ಪುರಾಣದ ಲೋಕಿ ಥಾರ್‌ನ ತಮ್ಮನೂ ಅಲ್ಲ, ಓಡಿನ್‌ನ ಸಾಕುಮಗನೂ ಅಲ್ಲ. ಅವನಿಗೆ ನಂಟು ಇರುವುದು ಥಾರ್‌ನ ಅಪ್ಪ ಓಡಿನ್ ಜೊತೆಗೆ. ಹಿಂದೊಂದು ಕಾಲದಲ್ಲಿ ಅವರಿಬ್ಬರೂ ತಮ್ಮ ರಕ್ತ ಬೆರೆಸಿ, ಆಣೆ ಇಟ್ಟು ಅಣ್ಣತಮ್ಮಂದಿರಾದವರು. ಆ ಲೆಕ್ಕ ಹಿಡಿದರೆ ಥಾರ್‌ಗೆ ಲೋಕಿ ಚಿಕ್ಕಪ್ಪನೋ ದೊಡ್ಡಪ್ಪನೋ ಆಗಬೇಕು.

ಒಂದು ಸಾಲಿನ ಉತ್ತರ ಇಷ್ಟೇ. ಆದರೆ ಈ ಒಂದು ಸಂಬಂಧ ಬದಲಾದದ್ದರಿಂದ ಕಥೆಯಲ್ಲಿ ಇನ್ನೂ ಎಷ್ಟೋ ಬದಲಾಗಿದೆ. ಹಳೆಯ ಸಂಬಂಧ ಹೊಸದಕ್ಕಿಂತ ವಿಚಿತ್ರವಾಗಿದೆ, ನನಗಂತೂ ಅದೇ ಜಾಸ್ತಿ ಇಷ್ಟ. ಹಾಗಾಗಿ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಈ ಪುರಾಣ ನಮಗೆ ಸಿಕ್ಕಿರುವುದು ಹೆಚ್ಚಾಗಿ ಐಸ್‌ಲ್ಯಾಂಡ್‌ನಿಂದ. ಅಲ್ಲಿ ಎರಡು ಮುಖ್ಯ ಪುಸ್ತಕಗಳಿವೆ. ಒಂದು, ಸುಮಾರು 1270ರಲ್ಲಿ ಚರ್ಮದ ಹಾಳೆಗಳ ಮೇಲೆ ಬರೆದಿಟ್ಟ ಹಳೆಯ ಪದ್ಯಗಳ ಸಂಗ್ರಹ. 1643ರಲ್ಲಿ ಒಬ್ಬ ಬಿಷಪ್ ಕೈಗೆ ಸಿಕ್ಕ ಅದು ಆಮೇಲೆ ಡೆನ್ಮಾರ್ಕ್ ದೊರೆಯ ಭಂಡಾರ ಸೇರಿತು. 1971ರಲ್ಲಿ ಮತ್ತೆ ಐಸ್‌ಲ್ಯಾಂಡ್‌ಗೆ ಬಂತು. ಇನ್ನೊಂದು, ಸ್ನೋರಿ ಸ್ಟರ್ಲುಸನ್ ಅನ್ನುವ ಐಸ್‌ಲ್ಯಾಂಡಿನ ಮುಖಂಡ ಸುಮಾರು 1220ರಲ್ಲಿ ಬರೆದ ಗದ್ಯ. ಇವೆರಡನ್ನೂ ಎಡ್ಡಾ ಎಂದೇ ಕರೆಯುತ್ತಾರೆ.

ಓಡಿನ್ ಮತ್ತು ಲೋಕಿ ಇಟ್ಟ ಆಣೆಯ ಸುದ್ದಿ ಬರುವುದು ಪದ್ಯ ಎಡ್ಡಾದಲ್ಲಿ. ಆ ಸನ್ನಿವೇಶ ಹೀಗಿದೆ. ಸಮುದ್ರದ ಒಡೆಯ ಎಗಿರ್ ಮನೆಯಲ್ಲಿ ದೇವತೆಗಳಿಗೆ ಔತಣ. ಥಾರ್ ಬಂದಿಲ್ಲ, ಪೂರ್ವ ದಿಕ್ಕಿಗೆ ಹೋಗಿದ್ದಾನೆ. ಎಗಿರ್‌ನ ಆಳುಗಳು ಎಷ್ಟು ಚೆನ್ನಾಗಿ ಬಡಿಸುತ್ತಾರೆ ಅಂತ ಎಲ್ಲರೂ ಹೊಗಳುತ್ತಾರೆ. ಲೋಕಿಗೆ ಅದು ಸಹಿಸುವುದಿಲ್ಲ, ಒಬ್ಬ ಆಳನ್ನು ಕೊಂದೇಬಿಡುತ್ತಾನೆ. ದೇವತೆಗಳು ಗುರಾಣಿ ಬಡಿಯುತ್ತಾ ಅವನನ್ನು ಕಾಡಿಗೆ ಅಟ್ಟಿ ಬಂದು ಮತ್ತೆ ಕುಡಿಯಲು ಕೂರುತ್ತಾರೆ.

ಲೋಕಿ ವಾಪಸ್ ಬರುತ್ತಾನೆ. ಅವನು ಒಳಗೆ ಕಾಲಿಟ್ಟ ಕೂಡಲೇ ಎಲ್ಲರೂ ಗಪ್‌ಚುಪ್. ನಿನಗೆ ಇಲ್ಲಿ ಜಾಗ ಇಲ್ಲ ಅನ್ನುತ್ತಾನೆ ಕವಿದೇವತೆ ಬ್ರಾಗಿ. ಲೋಕಿ ಅವನ ಜೊತೆ ವಾದಕ್ಕೇ ಇಳಿಯುವುದಿಲ್ಲ. ನೇರವಾಗಿ ಓಡಿನ್ ಕಡೆ ತಿರುಗಿ ಕೇಳುತ್ತಾನೆ: ನಾವಿಬ್ಬರೂ ರಕ್ತ ಬೆರೆಸಿದ ದಿನ ನೆನಪಿದೆಯಾ? ಇಬ್ಬರಿಗೂ ತಂದುಕೊಟ್ಟರೆ ಮಾತ್ರ ಕುಡಿಯುತ್ತೇನೆ ಅಂತ ಅವತ್ತು ನೀನು ಹೇಳಿದ್ದೆ ಅಲ್ವಾ?

ಓಡಿನ್‌ಗೆ ಬೇರೆ ದಾರಿಯೇ ಇಲ್ಲ. ಪಕ್ಕದಲ್ಲಿದ್ದ ಮಗ ವಿದಾರ್‌ಗೆ, ಏಳು, ತೋಳದ ಅಪ್ಪನಿಗೆ ಜಾಗ ಬಿಡು ಅನ್ನುತ್ತಾನೆ. ತೋಳ ಅಂದ್ರೆ ಫೆನ್ರಿರ್, ಲೋಕಿಯ ಮಗ. ಲೋಕದ ಕೊನೆಯ ಯುದ್ಧದಲ್ಲಿ ಓಡಿನ್‌ನನ್ನು ನುಂಗುವುದು ಇದೇ ತೋಳ. ಅಪ್ಪನ ಸೇಡು ತೀರಿಸಿಕೊಳ್ಳಲು ಆ ತೋಳವನ್ನು ಕೊಲ್ಲುವವನು ಇದೇ ವಿದಾರ್. ಅಂಥವನು ಇಲ್ಲಿ ಎದ್ದು ನಿಂತು ಲೋಕಿಯ ಬಟ್ಟಲಿಗೆ ಪಾನೀಯ ಸುರಿಯುತ್ತಾನೆ. ಕೇಳುವ ಜನರಿಗೆ ಮುಂದಿನ ಕಥೆ ಗೊತ್ತಿದೆ ಅನ್ನುವ ನಂಬಿಕೆ ಮೇಲೆ ಕವಿ ಇದನ್ನು ಒಂದೆರಡು ಸಾಲಲ್ಲಿ ಹೇಳಿ ಮುಂದೆ ಹೋಗುತ್ತಾನೆ.

ಕೂತ ಮೇಲೆ ಲೋಕಿ ಒಬ್ಬೊಬ್ಬರ ಗುಟ್ಟನ್ನೂ ಬಿಚ್ಚಿ ಹೀಯಾಳಿಸುತ್ತಾನೆ. ಇಂಥ ಹೊತ್ತಲ್ಲಿ ನನ್ನ ಬಾಲ್ಡರ್‌ನಂಥ ಮಗ ಇಲ್ಲಿರಬೇಕಿತ್ತು ಅಂತಾಳೆ ಓಡಿನ್‌ನ ಹೆಂಡತಿ ಫ್ರಿಗ್. ಅವನು ಇನ್ನೆಂದೂ ಬಾರದಂತೆ ಮಾಡಿದವನು ನಾನೇ ಅನ್ನುತ್ತಾನೆ ಲೋಕಿ. ಕೊನೆಗೆ ಥಾರ್ ಬಂದು, ಬಾಯಿ ಮುಚ್ಚದಿದ್ದರೆ ಸುತ್ತಿಗೆ ಬೀಸುತ್ತೇನೆ ಅಂತ ಮತ್ತೆ ಮತ್ತೆ ಹೆದರಿಸುತ್ತಾನೆ. ಲೋಕಿ ಅವನಿಗೊಬ್ಬನಿಗೆ ಮಾತ್ರ ಸೋಲುತ್ತಾನೆ: ನಿನ್ನ ಸಲುವಾಗಿ ಹೊರಗೆ ಹೋಗುತ್ತೇನೆ, ಯಾಕಂದ್ರೆ ನೀನು ಹೊಡೆಯುವವನೇ ಅಂತ ಗೊತ್ತು.

ಇಡೀ ಪದ್ಯದಲ್ಲಿ ಥಾರ್‌ಗೂ ಲೋಕಿಗೂ ಒಡಹುಟ್ಟಿದವರ ಮಾತಿಲ್ಲ. ಅಪ್ಪನ ಪ್ರೀತಿಗಾಗಿ ಪೈಪೋಟಿ ಇಲ್ಲ, ಸಿಂಹಾಸನಕ್ಕಾಗಿ ಜಗಳವೂ ಇಲ್ಲ. ಅಲ್ಲಿರುವುದು ಓಡಿನ್ ಕೊಟ್ಟ ಮಾತು. ಅದನ್ನು ಉಳಿಸಿಕೊಳ್ಳಲು ಅವನು ತನ್ನ ವೈರಿಗೇ ಪಂಕ್ತಿಯಲ್ಲಿ ಜಾಗ ಕೊಡಬೇಕಾಗುತ್ತದೆ.

ಹಾಗಾದ್ರೆ ಥಾರ್‌ಗೂ ಲೋಕಿಗೂ ಏನು ಸಂಬಂಧ? ಜೊತೆಗಾರರು ಅನ್ನಬಹುದು. ದೈತ್ಯರ ನಾಡಿಗೆ ಹೊರಟಾಗ ಎಷ್ಟೋ ಸಲ ಇಬ್ಬರೂ ಒಟ್ಟಿಗೆ ಹೋಗುತ್ತಾರೆ. ಒಂದು ಬೆಳಿಗ್ಗೆ ಥಾರ್ ಎದ್ದು ನೋಡಿದರೆ ಸುತ್ತಿಗೆ ಮಾಯ. ಅವನು ಮೊದಲು ಹೇಳಿಕೊಳ್ಳುವುದೇ ಲೋಕಿ ಹತ್ತಿರ. ಲೋಕಿ ದೇವಿ ಫ್ರೇಯಾಳ ಗರಿಯ ಹೊದಿಕೆ ಕೇಳಿ ಪಡೆದು, ಹಾರಿಹೋಗಿ ಸುದ್ದಿ ತರುತ್ತಾನೆ. ದೈತ್ಯ ಥ್ರಿಮ್ ಸುತ್ತಿಗೆ ಕದ್ದು ಭೂಮಿಯೊಳಗೆ ಹೂತಿದ್ದಾನೆ, ಫ್ರೇಯಾಳನ್ನು ಮದುವೆ ಮಾಡಿಕೊಟ್ಟರೆ ಮಾತ್ರ ವಾಪಸ್. ಇದನ್ನು ಕೇಳಿ ಫ್ರೇಯಾ ಬುಸುಗುಟ್ಟಿದ ರಭಸಕ್ಕೆ ಮನೆಯೇ ನಡುಗುತ್ತದೆ, ಅವಳ ಕೊರಳಿನ ಹಾರ ಕಿತ್ತು ಬೀಳುತ್ತದೆ. ಆಗ ಹೇಮ್‌ಡಾಲ್ ಅನ್ನುವ ದೇವತೆ ಒಂದು ಉಪಾಯ ಹೇಳುತ್ತಾನೆ: ಥಾರ್‌ಗೇ ಮದುಮಗಳ ವೇಷ ಹಾಕಿ ಕಳಿಸೋಣ.

ಥಾರ್ ಒಲ್ಲೆ ಅನ್ನುತ್ತಾನೆ. ಲೋಕಿ ಗದರಿಸಿ ಒಪ್ಪಿಸಿ, ತಾನೂ ದಾಸಿಯ ವೇಷ ಹಾಕಿಕೊಂಡು ಜೊತೆಗೆ ಹೊರಡುತ್ತಾನೆ. ಮದುವೆ ಊಟಕ್ಕೆ ಕೂತ ಮದುಮಗಳು ಒಂದಿಡೀ ಎತ್ತು, ಎಂಟು ಸಾಲ್ಮನ್ ಮೀನು ತಿಂದು, ಮೂರು ಪೀಪಾಯಿ ಜೇನುಮದ್ಯ ಖಾಲಿ ಮಾಡುತ್ತಾಳೆ. ಥ್ರಿಮ್ ಗಾಬರಿಯಾಗುತ್ತಾನೆ. ಪಾಪ, ನಿಮ್ಮನ್ನು ನೋಡುವ ಆಸೆಗೆ ಎಂಟು ರಾತ್ರಿ ಏನೂ ತಿಂದಿಲ್ಲ ಅಂತ ಲೋಕಿ ಥಟ್ಟನೆ ಸಮಾಧಾನ ಹೇಳುತ್ತಾನೆ. ಮದುಮಗಳಿಗೆ ಹರಸಲು ಸುತ್ತಿಗೆ ತರಿಸಿ ಅವಳ ತೊಡೆ ಮೇಲೆ ಇಡುತ್ತಾರೆ. ಆಮೇಲೆ ಅಲ್ಲಿ ಒಬ್ಬ ದೈತ್ಯನೂ ಉಳಿಯುವುದಿಲ್ಲ.

ಸುತ್ತಿಗೆ ಕಳುವಿನ ಈ ಕಥೆಯೂ ಪದ್ಯ ಎಡ್ಡಾದ್ದೇ, ಅದು ಲೋಕಿಯನ್ನು ಕರೆಯುವುದು ಲೌಫೆಯ ಮಗ ಅಂತ. ಲೌಫೆ ಅವನ ತಾಯಿ. ತಂದೆ ಫಾರ್ಬೌತಿ ಅನ್ನುವ ದೈತ್ಯ. ಮಾರ್ವೆಲ್‌ನಲ್ಲಿ ಇದು ತಿರುಗುಮುರುಗಾಗಿದೆ. ಅಲ್ಲಿ ಲೌಫೆ ಹಿಮದೈತ್ಯರ ರಾಜ, ಲೋಕಿಯ ತಂದೆ!

ಈಗ ಕಾಮಿಕ್ಸ್ ಕಡೆ ಬರೋಣ. ಮಾರ್ವೆಲ್‌ನ ಥಾರ್ ಮೊದಲು ಕಾಣಿಸಿಕೊಂಡಿದ್ದು 1962ರ ಆಗಸ್ಟ್‌ನ 'ಜರ್ನಿ ಇಂಟು ಮಿಸ್ಟರಿ' 83ನೇ ಸಂಚಿಕೆಯಲ್ಲಿ. ಸ್ಟ್ಯಾನ್ ಲೀ, ಅವರ ತಮ್ಮ ಲ್ಯಾರಿ ಲೀಬರ್ ಮತ್ತು ಚಿತ್ರಕಾರ ಜ್ಯಾಕ್ ಕಿರ್ಬಿ ಸೇರಿ ಮಾಡಿದ್ದು. ಎರಡೇ ಸಂಚಿಕೆ ಆದಮೇಲೆ, ಅಕ್ಟೋಬರ್‌ನಲ್ಲಿ ಲೋಕಿ ಬಂದ. 1963ರಲ್ಲಿ ಮಾರ್ವೆಲ್ ವೀರರ ಅವೆಂಜರ್ಸ್ ತಂಡ ಮೊದಲ ಸಲ ಒಂದಾಗಿದ್ದೂ ಅವನ ಕಿತಾಪತಿಯಿಂದಲೇ. 1965ರ ಜನವರಿ ಸಂಚಿಕೆಯ ಒಂದು ಚಿಕ್ಕ ಕಥೆಯಲ್ಲಿ ಅವನ ಹುಟ್ಟು ಹೇಳಿದರು. ಓಡಿನ್ ಯುದ್ಧದಲ್ಲಿ ಲೌಫೆಯನ್ನು ಸೋಲಿಸುತ್ತಾನೆ, ಅಲ್ಲಿ ಸಿಕ್ಕ ಪುಟ್ಟ ಮಗುವನ್ನು ಮನೆಗೆ ತಂದು ಸಾಕುತ್ತಾನೆ. ಸಿನಿಮಾ ನೋಡಿದವರಿಗೆ ಗೊತ್ತಿರುವ ಕಥೆ ಇದೇ.

ಹೀಗೆ ಯಾಕೆ ಬದಲಿಸಿದರು? ನನಗೆ ಕಾಣುವ ಕಾರಣ ಸರಳ. ತಿಂಗಳು ತಿಂಗಳೂ ಬರುವ ಪತ್ರಿಕೆಗೆ ನಾಯಕನ ಎದುರು ಸದಾ ಬಂದು ನಿಲ್ಲುವ ಒಬ್ಬ ವೈರಿ ಬೇಕು. ಅವನನ್ನು ಕೊಲ್ಲಲೂ ಆಗಬಾರದು, ಬಿಡಲೂ ಆಗಬಾರದು. ಮನೆಯೊಳಗಿನ ತಮ್ಮನಾದರೆ ಎರಡೂ ಸಾಧ್ಯ. ಅಪ್ಪನ ಗೆಳೆಯ ಆಗಿದ್ದರೆ ಆ ಜಗಳ ಓಡಿನ್‌ದಾಗುತ್ತಿತ್ತು, ಥಾರ್ ಪಕ್ಕಕ್ಕೆ ಸರಿಯುತ್ತಿದ್ದ. ಹಾಗಾಗಿ ಲೋಕಿಯನ್ನು ಒಂದು ತಲೆಮಾರು ಕೆಳಗಿಳಿಸಿದರು.

ಅದರ ಪರಿಣಾಮ ಎಲ್ಲೆಲ್ಲೋ ಕಾಣುತ್ತದೆ. ಪುರಾಣದಲ್ಲಿ ಸತ್ತವರ ಲೋಕವನ್ನು ಆಳುವ ಹೆಲ್ ಲೋಕಿಯ ಮಗಳು. ತಮ್ಮನಾದ ಎಳೆಯ ಲೋಕಿಗೆ ಅಷ್ಟು ದೊಡ್ಡ ಮಗಳು ಹೊಂದುವುದಿಲ್ಲ ಅಲ್ವಾ? ಮಾರ್ವೆಲ್‌ನ 2017ರ ಥಾರ್ ಸಿನಿಮಾದಲ್ಲಿ ಅವಳು ಹೆಲಾ ಅನ್ನುವ ಹೆಸರಲ್ಲಿ ಓಡಿನ್‌ನ ಹಿರಿಮಗಳಾದಳು. ಪುರಾಣದ ಲೋಕಿ ಮಕ್ಕಳೊಂದಿಗ. ತೋಳ ಫೆನ್ರಿರ್, ಭೂಮಿಯನ್ನೇ ಸುತ್ತಿ ಮಲಗಿರುವ ಸರ್ಪ, ಹೆಲ್, ಈ ಮೂವರಿಗೂ ಅವನು ಅಪ್ಪ. ಓಡಿನ್ ಸವಾರಿ ಮಾಡುವ ಎಂಟು ಕಾಲಿನ ಕುದುರೆಗೆ ಅವನು ಅಮ್ಮ. ಹೌದು, ಹೆಣ್ಣು ಕುದುರೆಯಾಗಿ ಹೆತ್ತಿದ್ದಾನೆ.

ಸುತ್ತಿಗೆಯ ವಿಷಯವೂ ಹೀಗೇ. ಯೋಗ್ಯತೆ ಇದ್ದವರು ಮಾತ್ರ ಎತ್ತಬಲ್ಲರು ಅನ್ನುವ ಮಾತು ಕಾಮಿಕ್ಸ್‌ನದು. ಪುರಾಣದಲ್ಲಿ ಅದನ್ನು ಥ್ರಿಮ್ ಕದ್ದೇ ಬಿಟ್ಟಿದ್ದ, ನೋಡಿದೆವಲ್ಲ. ಸ್ನೋರಿ ಪ್ರಕಾರ ಅದನ್ನು ಹಿಡಿಯಲು ಥಾರ್‌ಗೇ ಕಬ್ಬಿಣದ ಕೈಗವಸು ಬೇಕು. ಹಿಡಿ ಗಿಡ್ಡವಾಗಿರುವುದಕ್ಕೂ ಲೋಕಿಯೇ ಕಾರಣ. ಅವನು ಥಾರ್‌ನ ಹೆಂಡತಿ ಸಿಫ್‌ಳ ಕೂದಲನ್ನು ಸುಮ್ನೆ ಚೇಷ್ಟೆಗೆ ಕತ್ತರಿಸಿದ್ದ. ಥಾರ್‌ಗೆ ಹೆದರಿ, ಕುಳ್ಳ ಕಮ್ಮಾರರಿಂದ ಚಿನ್ನದ ಕೂದಲು ಮಾಡಿಸಿದ. ಅಲ್ಲಿಗೇ ಬಿಡದೆ, ಇಷ್ಟು ಒಳ್ಳೆಯ ವಸ್ತು ನಿಮ್ಮಿಂದ ಮಾಡಲಾಗದು ಅಂತ ಇನ್ನಿಬ್ಬರು ಕುಳ್ಳರ ಜೊತೆ ತನ್ನ ತಲೆ ಪಣಕ್ಕಿಟ್ಟು ಬಾಜಿ ಕಟ್ಟಿದ. ಅವರು ಸುತ್ತಿಗೆ ಮಾಡುವಾಗ ನೊಣವಾಗಿ ಬಂದು, ತಿದಿ ಒತ್ತುವವನ ರೆಪ್ಪೆ ಕಚ್ಚಿದ. ರಕ್ತ ಕಣ್ಣಿಗಿಳಿಯಿತು. ಒರೆಸಿಕೊಳ್ಳಲು ಅವನು ಒಂದು ಕ್ಷಣ ಕೈ ತೆಗೆದ, ಹಿಡಿ ಗಿಡ್ಡವಾಯಿತು. ಆದರೂ ಬಾಜಿಯಲ್ಲಿ ಸೋತವನು ಲೋಕಿ. ತಲೆ ನಿನ್ನದಿರಬಹುದು, ಕುತ್ತಿಗೆ ನಿನ್ನದಲ್ಲ ಅಂತ ವಾದಿಸಿ ಪಾರಾದ. ಸಿಟ್ಟಿಗೆದ್ದ ಕುಳ್ಳ ಅವನ ತುಟಿಗಳನ್ನೇ ಹೊಲಿದುಬಿಟ್ಟ. ಚಿನ್ನದ ಕೂದಲಿನ ಈ ಸಿಫ್ ಕಾಮಿಕ್ಸ್‌ನಲ್ಲಿ ಕಪ್ಪು ಕೂದಲಿನ ವೀರವನಿತೆ. ಎಡ್ಡಾದಲ್ಲಿ ಅವಳ ಬಗ್ಗೆ ಹೇಳಿರುವುದು ತೀರಾ ಕಡಿಮೆ. ಕತ್ತಿ ಹಿಡಿದ ಸಿಫ್‌ಳನ್ನು ಕೊಟ್ಟಿದ್ದು ಕಾಮಿಕ್ಸ್‌ನವರು ಮಾಡಿದ ಒಳ್ಳೆಯ ಕೆಲಸ ಅಂತಲೇ ನನ್ನ ಅಭಿಪ್ರಾಯ.

ಡೆನ್ಮಾರ್ಕ್‌ನ ಸ್ನಾಪ್ಟುನ್ ಎಂಬಲ್ಲಿ 1950ರಲ್ಲಿ ಕುಲುಮೆಯ ಒಂದು ಕಲ್ಲು ಸಿಕ್ಕಿತು. ಸುಮಾರು ಸಾವಿರ ವರ್ಷ ಹಳೆಯದು. ಅದರ ಮೇಲೆ ಮೀಸೆಯ ಮುಖ ಕೊರೆದಿದ್ದಾರೆ, ತುಟಿಗಳ ಮೇಲೆ ಹೊಲಿಗೆಯ ಗುರುತು. ಇದು ಲೋಕಿಯೇ ಇರಬೇಕು ಎನ್ನುತ್ತಾರೆ ವಿದ್ವಾಂಸರು. ಆದರೆ ಲೋಕಿಯನ್ನು ಜನ ಪೂಜಿಸುತ್ತಿದ್ದರು ಅನ್ನುವುದಕ್ಕೆ ಗಟ್ಟಿ ಪುರಾವೆ ಇಲ್ಲ. ಥಾರ್ ಹಾಗಲ್ಲ, ಅವನ ಹೆಸರಿನ ಊರುಗಳು ಸ್ಕ್ಯಾಂಡಿನೇವಿಯಾ ತುಂಬಾ ಇವೆ. ಜನ ಪುಟ್ಟ ಸುತ್ತಿಗೆ ಮಾಡಿಸಿ ಕೊರಳಿಗೆ ಹಾಕಿಕೊಳ್ಳುತ್ತಿದ್ದರು. 2014ರಲ್ಲಿ ಡೆನ್ಮಾರ್ಕ್‌ನಲ್ಲೇ ಸಿಕ್ಕ ಅಂಥ ಒಂದು ಪದಕದ ಮೇಲೆ ಹಳೆಯ ರೂನ್ ಲಿಪಿಯಲ್ಲಿ 'ಇದು ಸುತ್ತಿಗೆ' ಅಂತ ಬರೆದಿದೆ.

ಹಾಗಂತ ಕಾಮಿಕ್ಸ್‌ನವರು ಪುರಾಣ ಕೆಡಿಸಿದರು ಅನ್ನುವ ದೂರು ನನಗೆ ಒಪ್ಪಿಗೆಯಿಲ್ಲ. ಸ್ನೋರಿ ಬರೆಯುವ ಹೊತ್ತಿಗೆ ಐಸ್‌ಲ್ಯಾಂಡ್ ಕ್ರೈಸ್ತವಾಗಿ ಇನ್ನೂರು ವರ್ಷ ಆಗಿತ್ತು. ಅವನ ಎಡ್ಡಾದ ಮುನ್ನುಡಿಯಲ್ಲಿ ಈ ದೇವತೆಗಳು ಗ್ರೀಕ್ ಕಥೆಗಳ ಟ್ರಾಯ್ ನಗರದ ಕಡೆಯಿಂದ ಬಂದ ಮನುಷ್ಯರು. ಅಲ್ಲಿ ಥಾರ್ ಟ್ರಾಯ್ ದೊರೆಯ ಮೊಮ್ಮಗ, ಓಡಿನ್ ಎಷ್ಟೋ ತಲೆಮಾರು ಆದಮೇಲೆ ಹುಟ್ಟಿದವನು. ಅಂದ್ರೆ ಅಪ್ಪನೇ ಮಗನ ವಂಶದವನಾದ! ನೆಂಟಸ್ತಿಕೆ ಬದಲಿಸುವ ಕೆಲಸ 1962ಕ್ಕಿಂತ ಬಹಳ ಹಿಂದೆಯೇ ಶುರುವಾಗಿತ್ತು. ಕನ್ನಡದವರಿಗೆ ಇದು ಹೊಸದೂ ಅಲ್ಲ. 941ರಲ್ಲಿ ಪಂಪ ಭಾರತದ ಕಥೆ ಹೇಳಿದಾಗ ದ್ರೌಪದಿ ಅರ್ಜುನನೊಬ್ಬನ ಹೆಂಡತಿಯಾದಳು. ಆ ಹೊತ್ತಿಗೆ ಅತ್ತ ಡೆನ್ಮಾರ್ಕ್‌ನಲ್ಲಿ ಜನ ಥಾರ್‌ನ ಸುತ್ತಿಗೆಯನ್ನು ಕೊರಳಲ್ಲಿ ಹಾಕಿಕೊಂಡು ಓಡಾಡುತ್ತಿದ್ದರು.

ಮಾರ್ವೆಲ್‌ನ ಲೋಕಿ ಈಚೆಗೆ ಹಳೆಯ ಲೋಕಿಗೆ ಹತ್ತಿರವಾಗಿದ್ದಾನೆ ಅನ್ನುವುದೂ ನಿಜ. 2011ರಲ್ಲಿ ಕೀರನ್ ಗಿಲೆನ್ ಬರೆದ ಹುಡುಗ ಲೋಕಿ ಬರೀ ಖಳನಲ್ಲ, ತನ್ನ ಮಾತಿನಲ್ಲೇ ಸಿಕ್ಕಿಬೀಳುವ ತುಂಟ. 2014ರಿಂದ ಆಲ್ ಯೂಯಿಂಗ್ ಬರೆದ ಲೋಕಿ ಗಂಡೂ ಹೌದು, ಹೆಣ್ಣೂ ಹೌದು. ಪುರಾಣಕ್ಕೆ ಇನ್ನೂ ಹತ್ತಿರದ ಕಾಮಿಕ್ಸ್ ಬೇಕಾದರೆ ಡೆನ್ಮಾರ್ಕ್‌ನ 'ವಾಲ್‌ಹಲ್ಲಾ' ಇದೆ. ಚಿತ್ರಕಾರ ಪೀಟರ್ ಮ್ಯಾಡ್ಸೆನ್ ಮತ್ತು ಗೆಳೆಯರು 1979ರಿಂದ 2009ರವರೆಗೆ 15 ಪುಸ್ತಕ ತಂದರು. ಅಲ್ಲಿನ ಥಾರ್‌ಗೆ ಐಸ್‌ಲ್ಯಾಂಡಿನ ಕಥೆಗಳಲ್ಲಿ ಇರುವ ಹಾಗೆ ಕೆಂಪು ಗಡ್ಡ.

ಕೊನೆಗೆ ಒಂದು ವಿಷಯ. ಥಾರ್ ಮತ್ತು ಲೋಕಿ ಒಬ್ಬರನ್ನೊಬ್ಬರು ಕೊಲ್ಲಲು ಹುಟ್ಟಿದ ವೈರಿಗಳು ಅಂತ ಕಾಮಿಕ್ಸ್ ಓದಿದವರಿಗೆ ಅನ್ನಿಸುತ್ತದೆ. ಆದರೆ ರಾಗ್ನರೋಕ್ ಎಂಬ ಕೊನೆಯ ಯುದ್ಧದಲ್ಲಿ ಅವರಿಬ್ಬರೂ ಎದುರಾಗುವುದೇ ಇಲ್ಲ. ಲೋಕಿ ಕಾದಾಡುವುದು ಹೇಮ್‌ಡಾಲ್ ಜೊತೆ, ಇಬ್ಬರೂ ಅಲ್ಲೇ ಸಾಯುತ್ತಾರೆ. ಥಾರ್ ಎದುರು ಬರುವುದು ಭೂಮಿ ಸುತ್ತಿದ ಸರ್ಪ, ಅಂದ್ರೆ ಲೋಕಿಯ ಮಗ. ಥಾರ್ ಅದನ್ನು ಕೊಲ್ಲುತ್ತಾನೆ. ಅದರ ವಿಷ ಏರಿ ಒಂಬತ್ತು ಹೆಜ್ಜೆ ನಡೆದು ಬೀಳುತ್ತಾನೆ. ಸುತ್ತಿಗೆ ಅವನ ಮಕ್ಕಳಾದ ಮೋದಿ ಮತ್ತು ಮಗ್ನಿಯ ಕೈ ಸೇರುತ್ತದೆ.