ಟ್ರೂಮನ್‌ಗೆ ಹೋ ಚಿ ಮಿನ್ ಬರೆದ ಪತ್ರಗಳು: ಅಧ್ಯಯನ ಟಿಪ್ಪಣಿ

ವಿಯೆಟ್ನಾಂ ಅಧ್ಯಾಯವನ್ನು ನಮ್ಮಲ್ಲಿ ಹೆಚ್ಚಿನವರು ಫ್ರೆಂಚರು ಸೋತ 1954ರ ಡಿಯನ್ ಬಿಯನ್ ಫು ಕದನದಿಂದ ಓದಲು ಶುರುಮಾಡುತ್ತಾರೆ. ಅದಕ್ಕೂ ಎಂಟೊಂಬತ್ತು ವರ್ಷ ಹಿಂದಕ್ಕೆ ಹೋಗಿ, ಹನೋಯ್‌ನಿಂದ ವಾಷಿಂಗ್ಟನ್‌ಗೆ ಹೋದ ಪತ್ರಗಳನ್ನು ಮೊದಲು ನೋಡಿ.

1945ರ ಸೆಪ್ಟೆಂಬರ್ 2ರಂದು ಹನೋಯ್‌ನ ಬಾ ದಿನ್ ಚೌಕದಲ್ಲಿ ವಿಯೆಟ್ನಾಂ ಸ್ವಾತಂತ್ರ್ಯ ಚಳವಳಿಯ ನಾಯಕ ಹೋ ಚಿ ಮಿನ್ ಸ್ವಾತಂತ್ರ್ಯ ಘೋಷಿಸಿದರು; ಆ ಘೋಷಣೆಯ ಮೊದಲ ಮಾತೇ ಅಮೆರಿಕದ 1776ರ ಘೋಷಣೆಯಿಂದ ಎತ್ತಿಕೊಂಡದ್ದು. ಹೊಸ ಸರ್ಕಾರಕ್ಕೆ ಯಾವ ದೇಶದ ಮಾನ್ಯತೆಯೂ ಇರಲಿಲ್ಲ. ಉತ್ತರದಲ್ಲಿ ಜಪಾನಿನ ಶರಣಾಗತಿ ಪಡೆಯಲು ಬಂದ ಚೀನಾದ ಸೇನೆ ಬೀಡುಬಿಟ್ಟಿತ್ತು, ದಕ್ಷಿಣದಲ್ಲಿ ಬ್ರಿಟಿಷರ ಆಸರೆಯಲ್ಲಿ ಫ್ರೆಂಚರು ತಮ್ಮ ಹಳೆಯ ವಸಾಹತಿಗೆ ಮರಳುತ್ತಿದ್ದರು. ಅಕ್ಟೋಬರ್‌ನಿಂದ ಮರುವರ್ಷದ ಫೆಬ್ರವರಿವರೆಗೆ ಅಧ್ಯಕ್ಷ ಟ್ರೂಮನ್ ಮತ್ತು ವಿದೇಶಾಂಗ ಇಲಾಖೆಗೆ ಕನಿಷ್ಠ ಎಂಟು ಪತ್ರ, ತಂತಿಗಳು ಹೋದವು.

ಇವು ಬರೀ ಅಹವಾಲುಗಳಲ್ಲ, ವಕೀಲನ ವಾದದಂತಿವೆ. ಅಕ್ಟೋಬರ್ 17ರ ತಂತಿ ನೋಡಿ: ಇಂಡೋಚೀನಾವನ್ನು (ವಿಯೆಟ್ನಾಂ, ಲಾವೋಸ್, ಕಾಂಬೋಡಿಯಾ) ಜಪಾನಿಗೆ ಒಪ್ಪಿಸಿದ್ದು ಫ್ರಾನ್ಸ್, ಜಪಾನಿನ ವಿರುದ್ಧ ಹೋರಾಡಿದ್ದು ವಿಯೆಟ್ನಾಮಿಗರು, ಹಾಗಿರುವಾಗ ಸೋತ ಜಪಾನಿನ ಬಗ್ಗೆ ಸಲಹೆ ಕೊಡಲು ಮಿತ್ರರಾಷ್ಟ್ರಗಳು ರಚಿಸಿದ ದೂರಪ್ರಾಚ್ಯ ಸಲಹಾ ಆಯೋಗದಲ್ಲಿ ಕೂರಬೇಕಾದವರು ಯಾರು? ನವೆಂಬರ್‌ನ ಪತ್ರದ ದಾರಿಯೇ ಬೇರೆ: ಕೃಷಿ ಮುಂತಾದ ವಿಷಯ ಕಲಿಯಲು ಸುಮಾರು ಐವತ್ತು ಯುವಕರನ್ನು ಅಮೆರಿಕಕ್ಕೆ ಕಳುಹಿಸಬಹುದೇ ಎಂದು ಕೇಳಿದರು. ನನಗೆ ಇದು ಎಲ್ಲಕ್ಕಿಂತ ಜಾಣ ನಡೆ ಅನ್ನಿಸುತ್ತದೆ. ಇದಕ್ಕೆ ಹೂಂ ಅಂದಿದ್ದರೆ ಅರ್ಧ ಮಾನ್ಯತೆ ಕೊಟ್ಟಂತೆಯೇ. 1946ರ ಫೆಬ್ರವರಿ 16ರ ಪತ್ರದಲ್ಲಿ ಫಿಲಿಪ್ಪೀನ್ಸ್‌ಗೆ ನೀವು ಕೊಟ್ಟದ್ದನ್ನೇ ನಾವೂ ಕೇಳುತ್ತಿದ್ದೇವೆ ಎಂದರು. ಆ ದೇಶ ಸ್ವತಂತ್ರವಾದದ್ದು ಅದೇ ವರ್ಷದ ಜುಲೈ 4ರಂದು, ಆದರೆ ಮಾತು ಕೊಟ್ಟದ್ದು ಮೊದಲೇ.

ಒಂದಕ್ಕೂ ಉತ್ತರ ಬರಲಿಲ್ಲ. ಉತ್ತರಿಸಿದರೆ ಆ ಸರ್ಕಾರವನ್ನು ಒಪ್ಪಿಕೊಂಡಂತಾಗುತ್ತಿತ್ತು. ಯುರೋಪಿನಲ್ಲಿ ಸೋವಿಯತ್ ಒಕ್ಕೂಟದ ಎದುರು ಫ್ರಾನ್ಸ್ ಅಮೆರಿಕಕ್ಕೆ ಬೇಕಾಗಿತ್ತು. ಜೊತೆಗೆ ಹೋ ಹಳೆಯ ಕಮ್ಯುನಿಸ್ಟ್ ಎಂಬುದೂ ಗುಟ್ಟಾಗಿರಲಿಲ್ಲ. ಅಂದಹಾಗೆ, 1919ರಲ್ಲೂ ಅವರು ನ್ಗುಯೆನ್ ಐ ಕ್ವೋಕ್ ಎಂಬ ಹೆಸರಿನಲ್ಲಿ ಪ್ಯಾರಿಸ್ ಶಾಂತಿ ಸಮ್ಮೇಳನಕ್ಕೆ ಬಂದ ಅಮೆರಿಕದ ನಿಯೋಗಕ್ಕೆ ಎಂಟು ಬೇಡಿಕೆಗಳ ಮನವಿ ಕೊಟ್ಟಿದ್ದರು. ಆಗಲೂ ಏನೂ ಗಿಟ್ಟಲಿಲ್ಲ.

ಪರೀಕ್ಷೆಗೆ ಓದುವವರು ಫೆಬ್ರವರಿ 28ರ ತಂತಿಯನ್ನು ಬಿಡಬೇಡಿ. ಫ್ರೆಂಚರು ಕೊಚಿನ್ ಚೀನಾವನ್ನು (ವಿಯೆಟ್ನಾಂನ ದಕ್ಷಿಣ ಭಾಗ) ಬೇರ್ಪಡಿಸಲು ಕೇಳುತ್ತಿದ್ದಾರೆ, ಹನೋಯ್‌ಗೆ ಸೇನೆ ತರುತ್ತಾರಂತೆ, ತಕ್ಷಣ ಮಧ್ಯೆ ಬನ್ನಿ ಎಂಬುದು ಅದರ ತಿರುಳು. ಅದೇ ದಿನ ಚೀನಾದ ಚುಂಗ್‌ಕಿಂಗ್‌ ನಗರದಲ್ಲಿ ಫ್ರಾನ್ಸ್ ಮತ್ತು ಚೀನಾ ಒಪ್ಪಂದಕ್ಕೆ ಸಹಿ ಹಾಕಿದವು; ಚೀನಾದ ಸೇನೆ ಹೊರಟು ಫ್ರೆಂಚರು ಬರುವುದು ಖಚಿತವಾಯಿತು. ಮಾರ್ಚ್ 6ರಂದು ಹೋ ಅವರೇ ಫ್ರೆಂಚರ ಜೊತೆ ಸಹಿ ಹಾಕಿ, 15,000 ಫ್ರೆಂಚ್ ಸೈನಿಕರನ್ನು ಒಪ್ಪಿಕೊಂಡರು. ತಂತಿಯನ್ನೂ ಈ ಒಪ್ಪಂದವನ್ನೂ ಪಕ್ಕಪಕ್ಕ ಇಟ್ಟು ಓದಿ: ಆರು ದಿನಗಳಲ್ಲಿ ಅವರು ಬಿಟ್ಟುಕೊಟ್ಟದ್ದೇನು, ಬಿಡದೆ ಉಳಿಸಿಕೊಂಡದ್ದೇನು ಎಂದು ಪಟ್ಟಿ ಮಾಡಿದರೆ ಡಿಸೆಂಬರ್‌ನಲ್ಲಿ ಯುದ್ಧ ಏಕೆ ಭುಗಿಲೆದ್ದಿತು ಎಂಬ ಪ್ರಶ್ನೆಗೆ ಉತ್ತರ ಬಹುಪಾಲು ಸಿಗುತ್ತದೆ.