ಗಿಡದ ಎಣ್ಣೆ ತಾನೇ ಅಂತ ನಾಯಿಗೆ ಹಚ್ಚಬೇಡಿ

ನಾಯಿ ಬಾಗಿಲು ದಾಟುವ ಮೊದಲೇ ವಾಸನೆ ಒಳಗೆ ಬಂತು. ಟೀ ಟ್ರೀ ಎಣ್ಣೆ, ಆಸ್ಟ್ರೇಲಿಯಾ ಮೂಲದ ಒಂದು ಗಿಡದ ಎಲೆಯಿಂದ ತೆಗೆಯುವ ಘಾಟು ವಾಸನೆಯ ಎಣ್ಣೆ. ಐದು ಕೆಜಿಯ ಪುಟ್ಟ ಹೆಣ್ಣು ನಾಯಿ. ಮೇಜಿನ ಮೇಲೆ ನಿಲ್ಲಿಸಿದರೆ ಹಿಂಗಾಲು ಎರಡೂ ಕುಸಿದವು. ಬಾಯಲ್ಲಿ ಜೊಲ್ಲು, ಮೈಯೆಲ್ಲ ನಡುಕ. ಕತ್ತಿನ ಹಿಂದೆ ಕೈಯಾಡಿಸಿದೆ, ಕೂದಲು ಅಂಟಂಟು.

"ಚಿಗಟ ಜಾಸ್ತಿ ಆಗಿತ್ತು ಡಾಕ್ಟ್ರೇ, ಬೆಳಿಗ್ಗೆ ಸ್ವಲ್ಪ ಹಚ್ಚಿದ್ವಿ. ಗಿಡದ ಎಣ್ಣೆ ತಾನೇ?"

ಪ್ರೀತಿಯಿಂದಲೇ ಹಚ್ಚಿದ್ದು. ಬಹಳ ಸಲ ಹೀಗೇ ಆಗುತ್ತದೆ. ಅಮೆರಿಕದ ಪ್ರಾಣಿ ವಿಷ ಸಹಾಯವಾಣಿಗೆ 2002ರಿಂದ 2012ರವರೆಗೆ ಬಂದ, ಅಪ್ಪಟ ಟೀ ಟ್ರೀ ಎಣ್ಣೆಯ 443 ಪ್ರಕರಣಗಳನ್ನು ವೈದ್ಯರು ನೋಡಿದ್ದಾರೆ. ಅದರಲ್ಲಿ 337 ನಾಯಿಗಳು, ಉಳಿದವು ಬೆಕ್ಕುಗಳು. ಹೆಚ್ಚಿನವಕ್ಕೆ ಎಣ್ಣೆ ಕೈತಪ್ಪಿ ಚೆಲ್ಲಿದ್ದಲ್ಲ, ಸಾಕಿದವರೇ ಬೇಕೆಂದು ಬಳಸಿದ್ದು.

ಗಿಡಗಳಿಂದ ತೆಗೆಯುವ ಇಂಥ ಘಾಟು ವಾಸನೆಯ ಎಣ್ಣೆಗಳು ಅಡುಗೆ ಎಣ್ಣೆಯ ಥರ ಸುಮ್ನೆ ಚರ್ಮದ ಮೇಲೆ ಕೂರುವುದಿಲ್ಲ. ಒಳಗಿಳಿದು ಬೇಗ ರಕ್ತ ಸೇರುತ್ತವೆ. ನಾಯಿ ಮೈ ನೆಕ್ಕಿದರೆ ಹೊಟ್ಟೆಗೂ ಹೋಗುತ್ತವೆ. ಟೀ ಟ್ರೀ ಎಣ್ಣೆಯ ತೊಂದರೆ ಕಾಣಿಸುವುದು ಸಾಮಾನ್ಯವಾಗಿ 2ರಿಂದ 12 ಗಂಟೆಯೊಳಗೆ. ಬೆಳಿಗ್ಗೆ ಹಚ್ಚಿದ್ದಕ್ಕೂ ಸಂಜೆಯ ತೂರಾಟಕ್ಕೂ ಸಂಬಂಧ ಇದೆ ಅಂತ ಹೊಳೆಯುವುದೇ ಇಲ್ಲ. ಕೇಳಿದರೂ ಎಷ್ಟೋ ಜನ ಎಣ್ಣೆಯ ಮಾತೇ ಎತ್ತುವುದಿಲ್ಲ, ಅದನ್ನು ಔಷಧಿ ಅಂತ ಲೆಕ್ಕಕ್ಕೇ ಹಿಡಿದಿರುವುದಿಲ್ಲ.

ಟೀ ಟ್ರೀ ಒಂದೇ ಅಲ್ಲ. ನೋವಿಗೆ ಹಚ್ಚುವ ವಿಂಟರ್‌ಗ್ರೀನ್ ಎಣ್ಣೆಯಲ್ಲಿರುವುದು ಆಸ್ಪಿರಿನ್‌ನ ಜಾತಿಯದೇ ವಸ್ತು, ನಾಯಿಗೆ ಅದು ವಿಷವಾಗಬಹುದು. ಪುದೀನ ಜಾತಿಯ ಗಿಡದಿಂದ ತೆಗೆಯುವ ಪೆನ್ನಿರಾಯಲ್ ಎಣ್ಣೆ ಲಿವರ್ ಕೆಡಿಸುತ್ತದೆ. ನೀಲಗಿರಿ ಎಣ್ಣೆ ಹೊಟ್ಟೆಗೆ ಹೋದರೆ ಫಿಟ್ಸ್ ಬರಬಹುದು. ದಾಲ್ಚಿನ್ನಿ, ಲವಂಗದ ಎಣ್ಣೆ ಬಾಯಿ, ಚರ್ಮ ಸುಡುತ್ತವೆ.

ಕೋಣೆಯಲ್ಲಿ ಎಣ್ಣೆಯ ಸುವಾಸನೆ ಹರಡುವ ಡಿಫ್ಯೂಸರ್ ಇಡಬಹುದಾ ಅಂತ ಕೇಳುತ್ತಾರೆ. ಎಣ್ಣೆಯನ್ನು ಸಣ್ಣ ಹನಿಯಾಗಿ ಚಿಮ್ಮಿಸುವಂಥದ್ದಾದರೆ ನಾಯಿ ಇರುವ ಕೋಣೆಯಲ್ಲಿ ಬೇಡ. ಆ ಹನಿ ಕೂದಲ ಮೇಲೆ ಕೂರುತ್ತದೆ, ಆಮೇಲೆ ನಾಯಿ ಅದನ್ನೇ ನೆಕ್ಕುತ್ತದೆ. ಕೆಮ್ಮುವ, ದಮ್ಮು ಇರುವ ನಾಯಿಯ ಮನೆಯಲ್ಲಂತೂ ಯಾವ ಥರದ್ದೂ ಬೇಡ.

ಎಣ್ಣೆ ಮೈಗೆ ಬಿದ್ದಿದ್ದರೆ ಪಾತ್ರೆ ತೊಳೆಯುವ ಲಿಕ್ವಿಡ್ ಹಾಕಿ ಉಗುರುಬೆಚ್ಚಗಿನ ನೀರಲ್ಲಿ ತೊಳೆಯಿರಿ. ನೆಕ್ಕದಂತೆ ಟವೆಲ್ ಸುತ್ತಿ. ಕುಡಿದಿದ್ದರೆ ದಯವಿಟ್ಟು ವಾಂತಿ ಮಾಡಿಸಬೇಡಿ. ಮೇಲೆ ಬರುವಾಗ ಎಣ್ಣೆ ಶ್ವಾಸಕೋಶಕ್ಕೆ ಇಳಿದರೆ ಇನ್ನೂ ದೊಡ್ಡ ಅಪಾಯ. ಆಗಲೇ ತೂರಾಡುತ್ತಿದ್ದರೆ, ನಡುಗುತ್ತಿದ್ದರೆ ತೊಳೆಯುತ್ತಾ ಕೂರದೆ ನೇರ ಡಾಕ್ಟರ ಹತ್ತಿರ ಕರೆದೊಯ್ಯಿರಿ.

ಆ ಪುಟ್ಟ ನಾಯಿಯನ್ನು ಎರಡು ಸಲ ತೊಳೆದು, ಡ್ರಿಪ್ ಹಾಕಿ, ಮೈ ಬೆಚ್ಚಗಿಟ್ಟೆವು. ಮೂರನೇ ದಿನ ತಾನಾಗಿಯೇ ಎದ್ದು ನೀರಿನ ಬಟ್ಟಲಿನ ತನಕ ನಡೆಯಿತು. ಮನೆಯವರು ಬರುವಾಗ ಎಣ್ಣೆಯ ಬಾಟಲಿಯನ್ನೂ ತಂದಿದ್ದರು. ಅದರಿಂದ ನಮಗೆ ಹುಡುಕಾಡುವ ಸಮಯ ಉಳಿಯಿತು. ನೀವೂ ತನ್ನಿ, ಖಾಲಿಯಾಗಿದ್ದರೂ ಸರಿ.