ಸೋರುವ ಮನೆಗೆ ಕಾನೂನು ಬಂದ ದಾರಿ

ಹೊಸ ಫ್ಲಾಟ್‌ನ ಗೋಡೆ ಒಸರಿದರೆ ಗ್ರಾಹಕ ಆಯೋಗಕ್ಕೆ ಹೋಗಬಹುದು ಎಂಬುದು ಇಂದು ಮಾಮೂಲಿ ಮಾತು. 1986ರ ಗ್ರಾಹಕ ಸಂರಕ್ಷಣಾ ಕಾಯ್ದೆ ಬಂದಾಗ ಹಾಗಿರಲಿಲ್ಲ. ‘ಸೇವೆ’ಯ ಪಟ್ಟಿಯಲ್ಲಿ ಬ್ಯಾಂಕು, ವಿಮೆ, ಸಾರಿಗೆ ಇದ್ದವು; ಮನೆ ಕಟ್ಟುವುದು ಇರಲಿಲ್ಲ. 1993ರ ತಿದ್ದುಪಡಿ ಅದನ್ನು ಸೇರಿಸಿತು. ಅದೇ ವರ್ಷದ ನವೆಂಬರ್‌ನಲ್ಲಿ ಲಖನೌ ಅಭಿವೃದ್ಧಿ ಪ್ರಾಧಿಕಾರದ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಖಾಸಗಿ ಬಿಲ್ಡರ್ ಮಾತ್ರವಲ್ಲ, ಸರ್ಕಾರಿ ಪ್ರಾಧಿಕಾರವೂ ಹೊಣೆ ಎಂದಿತು.

ದೊಡ್ಡ ಬದಲಾವಣೆ 2016ರ ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ) ಕಾಯ್ದೆಯದು. ಸ್ವಾಧೀನ ಪಡೆದ ದಿನದಿಂದ 5 ವರ್ಷದೊಳಗೆ ರಚನೆ, ಕೆಲಸ ಅಥವಾ ಗುಣಮಟ್ಟದ ದೋಷವನ್ನು ತಿಳಿಸಿದರೆ ಬಿಲ್ಡರ್ 30 ದಿನದಲ್ಲಿ ಪುಕ್ಕಟೆಯಾಗಿ ಸರಿಪಡಿಸಬೇಕು, ಇಲ್ಲವಾದರೆ ಪರಿಹಾರ. ರೇರಾ ಇದ್ದ ಮಾತ್ರಕ್ಕೆ ಗ್ರಾಹಕ ಆಯೋಗದ ಬಾಗಿಲು ಮುಚ್ಚಿಲ್ಲ ಎಂದು 2020ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಆದರೆ ಆ ಆಯೋಗದಲ್ಲಿ ದೂರು ಕೊಡಲು ವ್ಯಾಜ್ಯಕಾರಣ (ದೂರಿಗೆ ಆಧಾರವಾದ ಸಂಗತಿ) ಹುಟ್ಟಿದ ದಿನದಿಂದ ಎರಡೇ ವರ್ಷ ಗಡುವು. ಐದು ವರ್ಷವಿದೆ ಎಂದು ಕೂತವರು ಇಲ್ಲೇ ಎಡವುವುದು.

ಹಕ್ಕು ಬೆಳೆದಿದೆ, ಪುರಾವೆಯ ಹೊರೆ ಮಾತ್ರ ಕೊಂಡವರ ಮೇಲೇ ಇದೆ. ‘ಎಲ್ಲವೂ ಸರಿಯಿದೆ’ ಎಂಬ ಸ್ವಾಧೀನ ಪತ್ರಕ್ಕೆ ಸಹಿ ಬಿದ್ದ ಮೇಲೆ, ವಾರ್ಡ್‌ರೋಬ್, ಫಾಲ್ಸ್ ಸೀಲಿಂಗ್ ಕೆಲಸ ಮುಗಿದ ಮೇಲೆ ತೇವ ಕಂಡರೆ ‘ನಿಮ್ಮ ಇಂಟೀರಿಯರ್‌ನವರು ಪೈಪ್ ಕೊರೆದರು’ ಎಂಬ ಉತ್ತರ ಸಿದ್ಧ. ಹಾಗಾಗಿ ತಪಾಸಣೆ ಇಂಟೀರಿಯರ್‌ಗೆ ಮೊದಲೇ ಆಗಬೇಕು. ಬಾತ್‌ರೂಮ್ ಡ್ರೈನ್ ಮುಚ್ಚಿ, ಹೊಸ್ತಿಲು ಮೀರದಂತೆ ಒಂದೆರಡು ಇಂಚು ನೀರು ನಿಲ್ಲಿಸಿ, 24 ಗಂಟೆ ಬಿಟ್ಟು ಕೆಳಗಿನ ಮನೆಯ ಸೀಲಿಂಗ್ ನೋಡಬೇಕು. ಟೈಲ್‌ಗಳನ್ನು ನಾಣ್ಯದಿಂದ ತಟ್ಟಿ. ಪೊಳ್ಳು ಸದ್ದು ಬಂದರೆ ಅಡಿಯಲ್ಲಿ ಗಾರೆ ತುಂಬಿಲ್ಲ. ಕರೆಂಟ್ ಸೋರಿದರೆ ಸಂಪರ್ಕ ಕಡಿಯುವ ಸ್ವಿಚ್ಚಾದ ಆರ್‌ಸಿಸಿಬಿಯ ಟೆಸ್ಟ್ ಗುಂಡಿ ಒತ್ತಿದರೆ ಟ್ರಿಪ್ ಆಗಲೇಬೇಕು. ಕಾಲಂ ಮತ್ತು ಗೋಡೆ ಸೇರುವಲ್ಲಿನ ಕೂದಲೆಳೆ ಬಿರುಕು ಹೆಚ್ಚಾಗಿ ಪ್ಲಾಸ್ಟರ್‌ನದು. ಕಿಟಕಿ ಮೂಲೆಯಿಂದ ಓರೆಯಾಗಿ ಹೋಗುವ ಬಿರುಕಿನ ಎರಡೂ ತುದಿಗೆ ಪೆನ್ಸಿಲ್ ಗೆರೆ ಎಳೆದು, ದಿನಾಂಕ ಬರೆದು, ಫೋಟೊ ತೆಗೆಯಿರಿ. ಗೆರೆ ದಾಟಿದರೆ ಇಂಜಿನಿಯರ್ ಕರೆಸುವ ಹೊತ್ತು.

ಹೀಗೆ ಕಂಡ ದೋಷಗಳ ಪಟ್ಟಿಯನ್ನು ಸ್ವಾಧೀನ ಪತ್ರದ ಜೊತೆ ಲಗತ್ತಿಸಿ, ಬಿಲ್ಡರ್ ಕಡೆಯಿಂದ ಸ್ವೀಕೃತಿ ಪಡೆದು, ಸ್ಪೀಡ್ ಪೋಸ್ಟ್‌ನಲ್ಲೂ ಕಳಿಸಿ. ಆಯೋಗದಲ್ಲಿ ಸಾಕ್ಷ್ಯ ಬಹುಪಾಲು ಅಫಿಡವಿಟ್ (ಪ್ರಮಾಣ ಮಾಡಿ ಬರೆದುಕೊಟ್ಟ ಹೇಳಿಕೆ) ಮೂಲಕವೇ. ದೋಷಗಳ ಬಗ್ಗೆ ವರದಿ ಬರೆದ ಇಂಜಿನಿಯರ್ ಅಫಿಡವಿಟ್ ಕೊಡಲು ಒಪ್ಪಬೇಕು. ಬಿಲ್ಡರ್ ವರದಿಯನ್ನು ಅಲ್ಲಗಳೆದರೆ ಆಯೋಗವೇ ಕಮಿಷನರ್ (ತನ್ನ ಪರವಾಗಿ ಸ್ಥಳ ನೋಡುವವರು) ನೇಮಿಸಿ ಸ್ಥಳ ತಪಾಸಣೆ ಮಾಡಿಸುವಂತೆ ಅರ್ಜಿ ಹಾಕಬಹುದು. ಹಣ ಪಡೆದು ಮನೆ ನೋಡುವ ಹೋಮ್ ಇನ್‌ಸ್ಪೆಕ್ಷನ್ ಕಂಪನಿಯೂ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ಸೇವೆ ನೀಡುವವನೇ. ಒಪ್ಪಂದದಲ್ಲಿ ‘ಗೋಡೆಯೊಳಗಿನ ಪೈಪ್ ಪರೀಕ್ಷಿಸುವುದಿಲ್ಲ’ ಎಂಬ ಸಾಲಿದೆಯೇ ಎಂದು ಮುಂಗಡ ಕೊಡುವ ಮೊದಲೇ ಓದಿಕೊಳ್ಳಿ.